ನಾನು ಕೂತಾಗ ಕೆಡದ ಯಂತ್ರ

2024ರ ಫೆಬ್ರುವರಿ. ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು, ನಾನು ನಿವೃತ್ತನಾಗಿ ಆಗ ಆರು ವರ್ಷವಾಗಿತ್ತು. ಸಂಜಯನಗರದಲ್ಲಿ ಹತ್ತಡಿ ಅಗಲದ ಮಳಿಗೆ ಹಿಡಿದು ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದೆ. ಕಾರ್ಖಾನೆಯಲ್ಲಿ ನನ್ನ ಕೆಲಸ ಒಂದೇ: ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಅದನ್ನೇ ಮೂವತ್ತೊಂದು ವರ್ಷ ಮಾಡಿದವನಿಗೆ ತನ್ನ ತಪ್ಪು ಕಾಣುವುದು ಸ್ವಲ್ಪ ಕಷ್ಟ. ಸಿಟ್ಟು ಬೇರೆ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. "ಕೆಲಸಕ್ಕೇನೋ ರಿಟೈರ್‌ಮೆಂಟ್ ಆಯ್ತು, ಸಿಟ್ಟಿಗೆ ಯಾವಾಗ?" ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ.

ಆ ತಿಂಗಳ ಮಧ್ಯದಲ್ಲಿ ಒಬ್ಬ ಹೆಣ್ಣುಮಗಳು ಮಳಿಗೆಗೆ ಬಂದಳು. ಹೆಸರು ರೇಣುಕಾ, ಮೂವತ್ತೆರಡರ ಆಸುಪಾಸು, ಬಾಗಲಕೋಟೆ ಕಡೆಯವಳು. ಯಲಹಂಕದ ಒಬ್ಬ ಬಿಲ್ಡರ್ ಹತ್ತಿರ ಆರ್ಕಿಟೆಕ್ಟ್ ಆಗಿ ಕೆಲಸ. ಚಿಕ್ಕಬಾಣಾವರದಲ್ಲಿ ಮೊದಲ ಮಹಡಿಯ ಒಂದು ಬಾಡಿಗೆ ಮನೆಯಲ್ಲಿ ತಾಯಿಯ ಜೊತೆ ವಾಸ. ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟು, "ಸರ್, ಎಂಬತ್ತು ಸಾವಿರ. ಅದರ ಮೇಲೆ ಒಂದ್ ರೂಪಾಯಿನೂ ಇಲ್ಲ. ಇದ್ರಲ್ಲಿ ರೆಂಡರಿಂಗ್ ಆಗೋ ಮಷೀನ್ ಬೇಕು" ಎಂದಳು.

ರೆಂಡರಿಂಗ್ ಎಂದರೇನು ಎಂದು ಹೇಳಿಬಿಡುತ್ತೇನೆ. ಕಟ್ಟಡದ ನಕ್ಷೆ ಬರೀ ಗೆರೆ. ಆ ಗೆರೆಗಳಿಗೆ ಗೋಡೆಯ ಬಣ್ಣ, ಕಿಟಕಿಯ ಗಾಜು, ನೆಲದ ಹೊಳಪು ಎಲ್ಲವನ್ನೂ ಕೊಟ್ಟು, ಬಿಸಿಲು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಚಾಚುತ್ತದೆ ಎಂದು ಲೆಕ್ಕ ಹಾಕಿ, ಇನ್ನೂ ಕಟ್ಟಿಲ್ಲದ ಕಟ್ಟಡವನ್ನು ಫೋಟೊ ತೆಗೆದ ಹಾಗೆ ತೋರಿಸುವುದು ರೆಂಡರಿಂಗ್. ಒಂದು ಚಿತ್ರಕ್ಕೇ ನಿಮಿಷಗಟ್ಟಲೆ ಹಿಡಿಯುತ್ತದೆ. ಕಟ್ಟಡದೊಳಗೆ ನಡೆದುಹೋದ ಹಾಗೆ ವಿಡಿಯೊ ಬೇಕೆಂದರೆ ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ ಬೇಕು. ಅಂದರೆ ಯಂತ್ರ ದಿನಗಟ್ಟಲೆ ಉಸಿರು ಬಿಡದೆ ದುಡಿಯಬೇಕು.

ರೇಣುಕಾಗೆ ಬೇಕಾಗಿದ್ದದ್ದು ಅದೇ. ಯಲಹಂಕದ ಒಂದು ಟ್ರಸ್ಟಿನವರು ಶಾಲೆ ಕಟ್ಟಿಸುವವರಿದ್ದರು. ಮೂವರು ಆರ್ಕಿಟೆಕ್ಟ್‌ಗಳನ್ನು ಮಾರ್ಚ್ 18ರ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆದಿದ್ದರು. ಉಳಿದಿಬ್ಬರೂ ದೊಡ್ಡ ಆಫೀಸು ಇಟ್ಟುಕೊಂಡವರು. ಇವಳು ಮಾತ್ರ ಒಂಟಿ. "ಒಂಬತ್ ವರ್ಷದಿಂದ ಡ್ರಾಯಿಂಗ್ ಮಾಡ್ತಿದೀನಿ ಸರ್. ಶೀಟಿನ ಮೂಲೇಲಿ ಒಂದು ಬಾಕ್ಸ್ ಇರುತ್ತೆ, ಆರ್ಕಿಟೆಕ್ಟ್ ಅಂತ. ಅದರಲ್ಲಿ ಇವತ್ತಿನವರೆಗೂ ಬೇರೆಯವರ ಹೆಸರೇ. ನಂದು ಕೆಳಗಡೆ ಬರೀ ಇನಿಷಿಯಲ್. ಈ ಒಂದು ಕೆಲಸ ಸಿಕ್ಕಿದ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಆಸೆಯನ್ನು ಪೂರ್ತಿ ಹೇಳಿದರೆ ಎಲ್ಲಿ ಕೈತಪ್ಪುತ್ತದೋ ಎನ್ನುವ ಹೆದರಿಕೆ ಆ ಮುಖದಲ್ಲಿತ್ತು.

ಬೇರೆ ಅಂಗಡಿಯಲ್ಲಿ ಒಂದು ಲಕ್ಷ ನಲವತ್ತು ಸಾವಿರ ಹೇಳಿದ್ದರಂತೆ. ಎಂಬತ್ತರಲ್ಲಿ ಮಾಡಬೇಕಾದರೆ ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಎಂದು ಗೊತ್ತಿರಬೇಕು. ಬಣ್ಣಬಣ್ಣದ ದೀಪ, ಗಾಜಿನ ಪೆಟ್ಟಿಗೆ ಎಲ್ಲ ಬಿಟ್ಟೆ. ಮೂವತ್ತೆರಡು ಜಿಬಿ ರ‍್ಯಾಮ್ ಬಿಡಲಿಲ್ಲ. ರೆಂಡರಿಂಗಿನ ಲೆಕ್ಕವೆಲ್ಲ ನಡೆಯುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ, ಅದರ ಸ್ವಂತ ಮೆಮೊರಿಯಲ್ಲಿ ಇಡೀ ಕಟ್ಟಡ ಹಿಡಿಸಬೇಕು. ಹಿಡಿಸದಿದ್ದರೆ ಎಷ್ಟು ವೇಗದ ಕಾರ್ಡಾದರೂ ಕೈ ಎತ್ತಿಬಿಡುತ್ತದೆ. ಹಾಗಾಗಿ ಎಂಟು ಜಿಬಿಯ ಹೊಸ ಕಾರ್ಡ್ ಬಿಟ್ಟು ಹನ್ನೆರಡು ಜಿಬಿಯ ಸೆಕೆಂಡ್ ಹ್ಯಾಂಡ್ ಕಾರ್ಡ್ ಹಾಕಲು ತೀರ್ಮಾನಿಸಿದೆ. ಯಶವಂತಪುರದ ಇರ್ಫಾನ್ ಕೊಟ್ಟ. ಆರು ವರ್ಷದಿಂದ ನನಗೆ ಬಿಡಿಭಾಗ ಕೊಡುವವನು, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನನ್ನ ಬೈಗುಳ ಕೇಳಿಯೂ ನಗುವ ಕೆಲವೇ ಜನರಲ್ಲಿ ಒಬ್ಬ.

ಗಾಳಿಯ ವಿಷಯದಲ್ಲಂತೂ ನಾನು ಯಾರ ಮಾತನ್ನೂ ಕೇಳುವವನಲ್ಲ. ಮುಂದೆ ಜಾಲರಿಯ ಪೆಟ್ಟಿಗೆ, ಗಾಳಿ ಒಳಗೆಳೆಯಲು ಎರಡು ಫ್ಯಾನ್, ಹಿಂದೆ ಬಿಸಿ ಹೊರದಬ್ಬಲು ಒಂದು. ಮಳಿಗೆಯಲ್ಲಿ ಇಪ್ಪತ್ನಾಲ್ಕು ಗಂಟೆ ಪೂರ್ತಿ ಹೊರೆ ಕೊಟ್ಟು ಓಡಿಸಿದೆ. ಕಾರ್ಡಿನ ಬಿಸಿ ಎಪ್ಪತ್ತೆರಡು ಡಿಗ್ರಿ ದಾಟಲಿಲ್ಲ. ಲೆಕ್ಕ ಎಪ್ಪತ್ತೊಂಬತ್ತು ಸಾವಿರದ ನಾನೂರಕ್ಕೆ ನಿಂತಿತು. ಬೀಗಿದೆ.

ಫೆಬ್ರುವರಿ 25, ಭಾನುವಾರ, ಚಿಕ್ಕಬಾಣಾವರದ ಮನೆಗೆ ನಾನೇ ಹೋಗಿ ಯಂತ್ರ ಇಟ್ಟುಬಂದೆ. ಮನೆಯೆಂದರೆ ಒಂದು ದೊಡ್ಡ ಕೋಣೆ, ಒಂದು ಅಡುಗೆಮನೆ. ಕೋಣೆಯ ಒಂದು ಮೂಲೆಯಲ್ಲಿ ರೇಣುಕಾಳ ಮೇಜು, ಇನ್ನೊಂದು ಮೂಲೆಯಲ್ಲಿ ಆಕೆಯ ತಾಯಿ ನೀಲವ್ವನ ಹೊಲಿಗೆ ಯಂತ್ರ. ಆ ತಾಯಿ ಅಕ್ಕಪಕ್ಕದವರ ಸೀರೆಗೆ ಫಾಲ್ ಹಚ್ಚಿ, ರವಿಕೆ ಹೊಲಿದು ಕೊಡುತ್ತಿದ್ದರು. ಹೊರಗೆ ಪೈಪ್ ಹಾಕಲು ರಸ್ತೆ ಅಗೆದು ತಿಂಗಳಾಗಿತ್ತು. ಕಿಟಕಿಯ ಸರಳಿನ ಮೇಲೆ ಬೆರಳಿಟ್ಟರೆ ಕೆಮ್ಮಣ್ಣು.

ಯಂತ್ರ ಕೊಡುವಾಗ ನಾನು ಎಲ್ಲರಿಗೂ ಒಂದು ಧೂಳಿನ ಭಾಷಣ ಮಾಡುತ್ತೇನೆ. ಮಾಡುತ್ತಿದ್ದೆ ಎನ್ನಬೇಕು. "ನೋಡಮ್ಮ, ಇದರ ಮೊದಲ ಶತ್ರು ಧೂಳು. ಓಡುವಾಗ ಫ್ಯಾನು ಧೂಳನ್ನು ಎಳ್ಕೊಳ್ಳುತ್ತೆ. ನಮ್ ಫ್ಯಾಕ್ಟರೀಲಿ ಒಂದೊಂದು ಮೀಟರಿಗೂ ಬಟ್ಟೆ ಕವರ್ ಹೊಲಿಸಿದ್ವಿ. ಕವರ್ ಹಾಕ್ದೆ ಮನೆಗೆ ಹೋದೋನಿಗೆ ಮಾರನೇ ದಿನ ಮೆಮೊ!" ಎಂದು ಕಣ್ಣರಳಿಸಿ ಹೇಳಿದೆ. ರೇಣುಕಾ ಫೋನ್ ನೋಡುತ್ತಿದ್ದಳು. ನೀಲವ್ವ ಮಾತ್ರ ಸೆರಗು ಹೊದ್ದು ನಿಂತು ಒಂದಕ್ಷರ ಬಿಡದೆ ಕೇಳಿಸಿಕೊಂಡರು.

ಮುಂದಿನ ಎರಡು ವಾರ ಏನೂ ಸುದ್ದಿ ಇಲ್ಲ. ರೇಣುಕಾ ಹಗಲು ಕೆಲಸಕ್ಕೆ ಹೋಗಿ ಸಂಜೆ ಬಂದು ಶಾಲೆಯ ಮಾದರಿ ಕಟ್ಟುತ್ತಿದ್ದಳು. ಹಗಲೆಲ್ಲ ಯಂತ್ರ ಆಫ್ ಇರುತ್ತಿತ್ತು. ಮಾರ್ಚ್ 11, ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮೊದಲ ಸಲ ರೆಂಡರಿಂಗಿಗೆ ಹಾಕಿ, ಮಾನಿಟರ್ ಆರಿಸಿ, ಕೆಲಸಕ್ಕೆ ಹೋದಳು. ಸಂಜೆ ಏಳಕ್ಕೆ ಫೋನ್.

"ಸರ್, ಮಷೀನ್ ಆಫ್ ಆಗಿದೆ. ಬರೀ ನೂರಿಪ್ಪತ್ತಾರು ಫ್ರೇಮ್ ಆಗಿದೆ. ಹನ್ನೊಂದು ಮುಕ್ಕಾಲಿಗೆ ಮುಂಚೆನೇ ನಿಂತ್‌ಹೋಗಿದೆ."

ಮಂಗಳವಾರ ಬೆಳಿಗ್ಗೆ ಎಂಟಕ್ಕೆ, ಕರೆಂಟ್ ಅಳೆಯುವ ನನ್ನ ಮೀಟರ್ ಹಿಡಿದು ಹೋದೆ. ಯಂತ್ರ ಮುಟ್ಟಿದೆ, ತಣ್ಣಗಿತ್ತು. ಎರಡೂವರೆ ನಿಮಿಷದ ವಿಡಿಯೊ, ಮೂರು ಸಾವಿರದ ಆರುನೂರು ಚಿತ್ರ, ಒಂದೊಂದಕ್ಕೆ ಒಂದೂವರೆ ನಿಮಿಷ. ಒಟ್ಟು ತೊಂಬತ್ತು ಗಂಟೆ ಓಡಬೇಕು. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಸರಿಯಿರಲಿಲ್ಲ. ಕೆಳಗೆ ಮನೆ ಮಾಲೀಕರು ಬೆಳಿಗ್ಗೆ ಹೊತ್ತು ಸಂಪಿನ ಮೋಟಾರ್ ಹಾಕುತ್ತಾರೆಂದು ತಿಳಿಯಿತು. ಸಿಕ್ಕಿದ ಕಳ್ಳ, ಅಂದುಕೊಂಡೆ. ಮೋಟಾರ್ ಎದ್ದಾಗ ವೋಲ್ಟೇಜ್ ಬೀಳುತ್ತದೆ, ಯಂತ್ರ ನಿಲ್ಲುತ್ತದೆ. ನನ್ನದೇ ಒಂದು ಯುಪಿಎಸ್ ತಂದು ಮಧ್ಯೆ ಜೋಡಿಸಿ, "ಇನ್ನು ಸಿಡಿಲು ಬಡಿದ್ರೂ ನಿಲ್ಲಲ್ಲ" ಎಂದು ಹೇಳಿ ಬಂದೆ. ಸಂಜೆ ಮತ್ತೆ ಫೋನ್. ನಿಂತಿತ್ತು. ಯುಪಿಎಸ್ ಮಾತ್ರ ಹಾಯಾಗಿ ಹಸಿರು ದೀಪ ಹಚ್ಚಿಕೊಂಡು ಕೂತಿತ್ತು.

ಬುಧವಾರ ಎಸ್‌ಎಂಪಿಎಸ್ ಮೇಲೆ ಸಂಶಯ. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಹಾಗೆ ಇಳಿಸಿಕೊಡುವ ಪೆಟ್ಟಿಗೆ ಅದು. ಐನೂರೈವತ್ತು ವ್ಯಾಟಿನದು ತೆಗೆದು ನನ್ನ ಮಳಿಗೆಯ ಏಳುನೂರೈವತ್ತರದು ಹಾಕಿದೆ. ಮಧ್ಯಾಹ್ನ ಒಂದಕ್ಕೆ ರೇಣುಕಾ ಸೈಟಿನಿಂದ ತಾಯಿಗೆ ಫೋನ್ ಮಾಡಿ ಕೇಳಿದಳಂತೆ, ಕಂಪ್ಯೂಟರ್ ಹೇಗಿದೆ ಎಂದು. "ಆರಾಮ ಐತಿ, ಏನೂ ಗದ್ದಲಿಲ್ಲ" ಎಂದರಂತೆ ನೀಲವ್ವ. ಮಗಳು ನೆಮ್ಮದಿಯಿಂದ ಊಟ ಮಾಡಿದಳು. ಸಂಜೆ ಬಂದು ನೋಡಿದರೆ, ಗದ್ದಲ ಇಲ್ಲದಿದ್ದದ್ದು ಯಂತ್ರ ಸತ್ತು ಮಲಗಿದ್ದಕ್ಕೆ.

ಗಾಯದ ಮೇಲೆ ಬರೆ ಎಂಬಂತೆ ಅದೇ ಸಂಜೆ ಟ್ರಸ್ಟಿನವರು ಫೋನ್ ಮಾಡಿ, ಗಾಲಿ ಕುರ್ಚಿಯ ಮಕ್ಕಳಿಗೆ ಇಳಿಜಾರು ದಾರಿ ಬೇಕೇ ಬೇಕು, ಅದೂ ವಿಡಿಯೊದಲ್ಲಿ ಕಾಣಬೇಕು ಎಂದರು. ಆ ದಾರಿ ಮುಂಬಾಗಿಲಿನಿಂದ ಅಂಗಳ ಸುತ್ತಿ ಹೋಗುವಂಥದು. ಹೆಚ್ಚುಕಮ್ಮಿ ಪ್ರತಿ ಚಿತ್ರದಲ್ಲೂ ಬರುತ್ತದೆ. ಅಲ್ಲಿಯವರೆಗೆ ಆಗಿದ್ದೆಲ್ಲ ಕಸ. ರೇಣುಕಾ ಮಾದರಿ ತಿದ್ದಿ ಬುಧವಾರ ರಾತ್ರಿ ಹನ್ನೆರಡಕ್ಕೆ ಮೊದಲಿನಿಂದ ಶುರು ಮಾಡಿದಳು. ಉಳಿದ ಶೀಟುಗಳನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಮುಗಿಸುತ್ತೇನೆಂದಳು. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆಕೆ ಮನೆ ಬಿಡಬೇಕು. ಇದ್ದದ್ದು ನೂರಾ ನಾಲ್ಕೂವರೆ ಗಂಟೆ. ರೆಂಡರಿಂಗಿಗೆ ತೊಂಬತ್ತು, ಚಿತ್ರಗಳನ್ನೆಲ್ಲ ಪೋಣಿಸಿ ವಿಡಿಯೊ ಮಾಡಲು ಎರಡು. ಉಳಿತಾಯ ಹನ್ನೆರಡೂವರೆ ಗಂಟೆ. ದಿನಕ್ಕೆ ಏಳು ಗಂಟೆ ಸಾಯುವ ಯಂತ್ರ ಎರಡು ದಿನ ಸತ್ತರೆ ಮುಗಿಯಿತು ಕಥೆ.

ಗುರುವಾರ ಬೆಳಿಗ್ಗೆ ನಾನು ಮಾಡಬಾರದ ಕೆಲಸ ಮಾಡಿದೆ. ಇರ್ಫಾನ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. "ಎಲ್ಲೋ ಹಗಲೂ ರಾತ್ರಿ ಓಡಿಸಿ ಸುಟ್ಟ ಕಾರ್ಡನ್ನ ನನ್ನ ತಲೆಗೆ ಕಟ್ಟಿದೀಯಾ. ಒಂದು ಹೆಣ್ಣುಮಗಳ ಬಾಳಿನ ಪ್ರಶ್ನೆ ಇದು!"

ಆ ಕಡೆಯಿಂದ ಇರ್ಫಾನ್, "ಆರ್ ವರ್ಷ ಆಯ್ತು ಸಾರ್, ನಿಮಗೆ ಮಾಲ್ ಕೊಡೋಕೆ ಶುರು ಮಾಡಿ. ಒಂದ್ ದಿನ ಸುಳ್ಳು ಹೇಳಿದೀನಾ?" ಎಂದ. ನಗಲಿಲ್ಲ. ನಾನು ಫೋನ್ ಇಟ್ಟುಬಿಟ್ಟೆ.

ಇನ್ನೊಂದು ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಚಿಕ್ಕಬಾಣಾವರಕ್ಕೆ ಹೋದೆ. ಓಡುತ್ತಿರುವ ಯಂತ್ರ ನಿಲ್ಲಿಸಿ ಕಾರ್ಡ್ ಬದಲಾಯಿಸಲು ಮನಸ್ಸಾಗಲಿಲ್ಲ. ನನ್ನ ಕಣ್ಣೆದುರೇ ಸಾಯಲಿ, ಹಿಡಿಯುತ್ತೇನೆ ಎಂದು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಬಿಸಿಯನ್ನು ನಿಮಿಷ ನಿಮಿಷಕ್ಕೂ ಬರೆದಿಡುವ ಒಂದು ಪ್ರೋಗ್ರಾಂ ಕೂಡ ಹಾಕಿದೆ. ಪರೀಕ್ಷಾ ವಿಭಾಗದವನ ಚಾಳಿ, ಬರೆದಿಡದೆ ಕೈ ತಡೆಯದು.

ಹನ್ನೊಂದೂವರೆ ಆಯಿತು. ಹನ್ನೊಂದು ಮುಕ್ಕಾಲು. ಹನ್ನೆರಡು. ಯಂತ್ರ ತನ್ನ ಪಾಡಿಗೆ ತಾನು ಚಿತ್ರದ ಮೇಲೆ ಚಿತ್ರ ಹಾಕುತ್ತಲೇ ಇತ್ತು. ನೀಲವ್ವ ಒಂದು ಗಂಟೆಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. "ಉಣ್ರಿ ಸರ, ಮಿಷನ್ ಎಲ್ಲೂ ಓಡಿ ಹೋಗೂದಿಲ್ಲ" ಎಂದು ನಕ್ಕರು. ಮೂರಕ್ಕೆ ಚಹಾ. ಸಂಜೆ ಆರೂವರೆಗೆ ರೇಣುಕಾ ಓಡೋಡಿ ಬಂದಾಗಲೂ ಯಂತ್ರ ನಡೆಯುತ್ತಲೇ ಇತ್ತು. ಅವಳ ಕಣ್ಣು ತುಂಬಿಬಂತು. ನಾನು, "ಯಾವುದೋ ಕನೆಕ್ಷನ್ ಸಡಿಲ ಇತ್ತು, ಒತ್ತಿದೆ ನೋಡಿ" ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಏನನ್ನೂ ಒತ್ತಿರಲಿಲ್ಲ.

ಶುಕ್ರವಾರ ಸಂಜೆ ಆರೂ ನಲವತ್ತಕ್ಕೆ ಮತ್ತೆ ಫೋನ್ ಬಂತು. ಈ ಸಲ ರೇಣುಕಾ ಸಿಟ್ಟು ಮಾಡಲಿಲ್ಲ, ಅಳಲಿಲ್ಲ. "ಸರ್, ಮತ್ತೆ ನಿಂತಿದೆ. ಏಳು ಗಂಟೆ ಹೋಯ್ತು. ಈಗ ಬರೀ ಐದೂವರೆ ಗಂಟೆ ಉಳಿತಾಯ. ನಾಳೆ ನಿಂತ್ರೆ..." ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮತ್ತೆ ಹಾಕಮ್ಮ. ಆ ಬರೆದಿಟ್ಟ ಫೈಲ್ ಕಳಿಸು."

ಫೈಲ್ ನೋಡಿದೆ. ಗುರುವಾರ ಬೆಳಿಗ್ಗೆಯಿಂದ ಶುಕ್ರವಾರ ಬೆಳಿಗ್ಗೆಯವರೆಗೂ ಎಪ್ಪತ್ತು, ಎಪ್ಪತ್ತೊಂದು, ಎಪ್ಪತ್ತೆರಡು. ಕೆರೆಯ ನೀರಿನ ಹಾಗೆ ಸಮ. ಶುಕ್ರವಾರ ಹನ್ನೊಂದು ಇಪ್ಪತ್ತೆರಡಕ್ಕೆ ಎಪ್ಪತ್ನಾಲ್ಕು. ಇಪ್ಪತ್ತೇಳಕ್ಕೆ ಎಂಬತ್ತಮೂರು. ಮೂವತ್ತೈದಕ್ಕೆ ತೊಂಬತ್ತೆರಡು. ನಲವತ್ತಕ್ಕೆ ತೊಂಬತ್ತೇಳು. ಆಮೇಲೆ ಖಾಲಿ. ಬಿಸಿ ಮಿತಿ ಮೀರಿದರೆ ಸುಟ್ಟುಹೋಗದಿರಲೆಂದು ಯಂತ್ರ ತಾನಾಗಿ ನಿಂತುಬಿಡುತ್ತದೆ. ಅಂದರೆ ಕರೆಂಟಲ್ಲ, ಎಸ್‌ಎಂಪಿಎಸ್ ಅಲ್ಲ, ಕಾರ್ಡೂ ಅಲ್ಲ. ಬಿಸಿ! ನಾನು ಎದೆ ತಟ್ಟಿಕೊಂಡು ಕೊಟ್ಟ ಗಾಳಿಯಲ್ಲೇ ಏನೋ ಆಗುತ್ತಿತ್ತು. ಹೊರಗಿನ ಸೆಕೆ ಹೀಗೆ ನಿಮಿಷ ನೋಡಿಕೊಂಡು ಏರುವುದಿಲ್ಲ. ಫ್ಯಾನ್ ಕೆಟ್ಟಿದ್ದರೆ ಗುರುವಾರವೂ ಕೆಡಬೇಕಿತ್ತು. ಗುರುವಾರಕ್ಕೂ ಶುಕ್ರವಾರಕ್ಕೂ ಇದ್ದ ವ್ಯತ್ಯಾಸ ಒಂದೇ: ಗುರುವಾರ ನಾನಿದ್ದೆ, ಶುಕ್ರವಾರ ಇರಲಿಲ್ಲ. ಈ ಮೂವತ್ತೊಂದು ವರ್ಷದ ತಲೆಗೆ ಅದಕ್ಕಿಂತ ಮುಂದೆ ಏನೂ ಹೊಳೆಯಲಿಲ್ಲ.

ಫೋನಿನಲ್ಲಿ ಇಷ್ಟು ಹೇಳಿದಾಗ ರೇಣುಕಾ, "ಹಾಗಾದ್ರೆ ಸರ್, ನಾಳೆ ನೀವೇ ಬಂದು ಕೂತ್ಕೊಂಡ್‌ಬಿಡಿ. ನಂಗೆ ಕಾರಣ ಬೇಡ, ಓಡಿದ್ರೆ ಸಾಕು" ಎಂದಳು. ನಲವತ್ತು ವರ್ಷದಲ್ಲಿ ಯಾರೂ ನನಗೆ ಇಷ್ಟು ಮರ್ಯಾದೆಯಿಂದ ಇಂಥ ಮಾತು ಹೇಳಿರಲಿಲ್ಲ. ಯಂತ್ರ ರಿಪೇರಿ ಮಾಡಲು ಬಾರದವನು ದೃಷ್ಟಿಗೆ ಕಟ್ಟಿದ ನಿಂಬೆಹಣ್ಣಿನ ಹಾಗೆ ಪಕ್ಕದಲ್ಲಿ ಕೂರಬೇಕು! ಬರುತ್ತೇನೆಂದೆ. "ಅಮ್ಮಂಗೆ ಹೇಳ್ಬೇಡ. ಪಾಪ, ಮತ್ತೆ ರೊಟ್ಟಿ ಬಡೀತಾ ನಿಂತ್ಕೋತಾರೆ" ಎಂದೂ ಸೇರಿಸಿದೆ.

ಶನಿವಾರ ಹತ್ತಕ್ಕೇ ಅಲ್ಲಿರಬೇಕೆಂದು ಒಂಬತ್ತಕ್ಕೆ ಸ್ಕೂಟರ್ ಹತ್ತಿದೆ. ಜಾಲಹಳ್ಳಿ ದಾಟುವಾಗ ಹಿಂದಿನ ಚಕ್ರ ಪಂಕ್ಚರ್. ತಳ್ಳಿಕೊಂಡು ಹೋಗಿ ಅಂಗಡಿ ಹುಡುಕಿ ಹಾಕಿಸುವಷ್ಟರಲ್ಲಿ ಹತ್ತೂ ಮುಕ್ಕಾಲು. ಹೆಸರಘಟ್ಟ ರಸ್ತೆಯಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹನ್ನೊಂದು ಇಪ್ಪತ್ತೆರಡು ಆಗುವಾಗ ನಾನಿನ್ನೂ ಒಂದೂವರೆ ಕಿಲೋಮೀಟರ್ ದೂರ. ಗಡಿಯಾರ ನೋಡಿದೆ, ಎಪ್ಪತ್ನಾಲ್ಕು ಅಂದುಕೊಂಡೆ. ಮತ್ತೆ ನೋಡಿದೆ, ಎಂಬತ್ತಮೂರು. ಅವರ ಬೀದಿ ತುದಿಯಲ್ಲಿ ಅಗೆದ ಮಣ್ಣಿನ ರಾಶಿ. ಸ್ಕೂಟರನ್ನು ಅಲ್ಲೇ ಬಿಟ್ಟು, ಅರವತ್ತು ದಾಟಿದ ಮಂಡಿ ಹಿಡಿದುಕೊಂಡು ಓಡಿದೆ. ಮೆಟ್ಟಿಲು ಹತ್ತುವಾಗ ಹನ್ನೊಂದು ಮೂವತ್ತೇಳು.

ಬಾಗಿಲು ತೆರೆದಿತ್ತು. ನೀಲವ್ವ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಕೋಣೆ ಗುಡಿಸುತ್ತಿದ್ದರು. ಮೂಲೆಯಲ್ಲಿ ನನ್ನ ಯಂತ್ರ ಇರಲಿಲ್ಲ. ಅದರ ಜಾಗದಲ್ಲಿ ಕಂದು ರೆಕ್ಸಿನ್ನಿನ ಒಂದು ಚೌಕದ ಗೋಪುರ. ಅಂಚಿಗೆಲ್ಲ ಕೆಂಪು ಪೈಪಿಂಗ್, ಒಳಗೆ ದಪ್ಪ ಅಸ್ತರಿ, ವೈರಿಗೆ ಹಿಂದೆ ಅಚ್ಚುಕಟ್ಟಾದ ಸೀಳು, ಕೆಳಗೆ ಗಾಳಿ ಸಹ ಹೋಗದಂತೆ ಬಿಗಿದು ಕಟ್ಟಿದ ನಾಲ್ಕು ಲಾಡಿ. ಒಳಗಿಂದ ಫ್ಯಾನುಗಳು ಕೂಗುತ್ತಿದ್ದವು.

"ತೆಗೀರಿ! ತೆಗೀರಮ್ಮ ಅದನ್ನ!" ಎಂದು ಕಿರುಚಿದೆ.

ಅವರ ಕೈಯಿಂದ ಪೊರಕೆ ಬಿತ್ತು. ನಾನೇ ಹೋಗಿ ಲಾಡಿ ಕೀಳಲು ನೋಡಿದೆ. ಹಾಳಾದ್ದು, ಗಂಟು ಅಷ್ಟು ಗಟ್ಟಿ! ನನ್ನ ಕೈಯಲ್ಲಿ ಬಿಚ್ಚಲು ಬರಲಿಲ್ಲ. ನೀಲವ್ವ ಒಂದು ಮಾತೂ ಕೇಳದೆ ಹೊಲಿಗೆ ಯಂತ್ರದ ಮೇಲಿದ್ದ ಕತ್ತರಿ ತಂದು, ತಾವೇ ಹೊಲಿದ ನಾಲ್ಕು ಲಾಡಿಯನ್ನೂ ಕಚಕಚ ಕತ್ತರಿಸಿದರು. ಕವರ್ ಎಳೆದೆ. ಒಳಗಿನಿಂದ ಬಂದ ಗಾಳಿ ದೋಸೆ ಕಾವಲಿಯ ಹಾಗೆ ಮುಖಕ್ಕೆ ಹೊಡೆಯಿತು. ಮಾನಿಟರ್ ಹಾಕಿದೆ. ತೊಂಬತ್ತಾರು.

ತೊಂಬತ್ತಾರು. ತೊಂಬತ್ತೇಳು. ನಾನು ಟೇಬಲ್ ಫ್ಯಾನನ್ನು ಅದರ ಬಾಯಿಗೇ ತಿರುಗಿಸಿದೆ. ತೊಂಬತ್ತೇಳು. ತೊಂಬತ್ತಾರು. ತೊಂಬತ್ಮೂರು. ಎಂಬತ್ತೆಂಟು. ಪರದೆಯ ಕೆಳಗೆ ಚಿತ್ರದ ಎಣಿಕೆ ಒಂದು ಹೆಚ್ಚಿತು. ಬದುಕಿತು. ನಾನು ಗುಡಿಸದ ನೆಲದ ಮೇಲೇ ಕುಸಿದು ಕೂತೆ.

ನೀಲವ್ವನ ಮುಖ ಬಿಳಿಚಿಕೊಂಡಿತ್ತು. "ಯಾಕ್ರೀ ಸರ, ಏನಾತ್ರೀ? ಓಡುವಾಗ ಧೂಳ ಎಳ್ಕೋತೈತಿ ಅಂತ ನೀವ ಹೇಳಿದ್ರಲ್ರೀ. ನಿಮ್ಮ ಫ್ಯಾಕ್ಟರ‍್ಯಾಗ ಎಲ್ಲಾದಕ್ಕೂ ಕವರ್ ಹೊಲಿಸಿದ್ವಿ ಅಂದ್ರಿ. ನಾ ಹೊಲಿಗಿ ಮುಗಿಸಿ ಕಸ ಹೊಡಿಯೂ ಮುಂದ ಧೂಳ ಏಳತೈತಿ, ಅದಕ್ಕ ಹಾಕಿ ಕಟ್ಟತೀನ್ರೀ. ಆಮ್ಯಾಲ ಸಪ್ಪಳ ನಿಂತ್ರ, ಕೆಲಸ ಮುಗಸಿ ಮಲಗೇತಿ ಅಂತ ತಿಳಕೊಂಡೆ."

ಒಂದೊಂದೂ ನನ್ನದೇ ಮಾತು. ರೇಣುಕಾ ಸಂಜೆ ಬಂದು ಕವರ್ ನೋಡುತ್ತಿದ್ದಳು, ಆದರೆ ಯಂತ್ರ ನಿಂತ ಮೇಲೆ ಅವ್ವ ಹಾಕಿರಬೇಕು ಎಂದುಕೊಳ್ಳುತ್ತಿದ್ದಳು. ನಾನು ಬಂದಾಗಲೆಲ್ಲ ಅದು ಮಡಚಿ ಟ್ರಂಕಿನ ಮೇಲೆ ಇರುತ್ತಿತ್ತು. ಒಂದೇ ಒಂದು ಪ್ರಶ್ನೆ ಉಳಿದಿತ್ತು.

"ಮತ್ತೆ ಗುರುವಾರ ಯಾಕಮ್ಮ ಹಾಕ್ಲಿಲ್ಲ? ನಾನು ಇಡೀ ದಿನ ಇಲ್ಲೇ ಇದ್ನಲ್ಲ?"

ನೀಲವ್ವ ನನ್ನನ್ನು ವಿಚಿತ್ರವಾಗಿ ನೋಡಿದರು. ಇಷ್ಟು ವಯಸ್ಸಾದವನಿಗೆ ಇದೂ ಗೊತ್ತಿಲ್ಲವೇ ಎನ್ನುವ ಹಾಗೆ. "ಮನಿಗೆ ಬಂದವ್ರು ಕುಂತಾಗ ಯಾರರ ಕಸಬರಗಿ ಹಿಡೀತಾರೇನ್ರೀ? ನೀವು ಹೋಗೂತನಾ ಸಂಜಿ ಆತು. ದೀಪ ಹಚ್ಚಿದ ಮ್ಯಾಲ ಕಸ ಹೊಡಿಬಾರದು. ಅವತ್ತ ಗುಡಿಸಲೇ ಇಲ್ಲ."

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅರ್ಥಿಂಗ್ ಅಂದೆ, ಮೋಟಾರ್ ಅಂದೆ, ಎಸ್‌ಎಂಪಿಎಸ್ ಅಂದೆ, ನಿಯತ್ತಿನ ಮನುಷ್ಯನೊಬ್ಬನನ್ನು ಕಳ್ಳ ಅಂದೆ. ಮೂರು ದಿನ ಈ ಮನೆಗೆ ಬಂದು ಹೋಗಿದ್ದರೂ, ದಿನವೆಲ್ಲ ಆ ಯಂತ್ರದ ಜೊತೆ ಇರುವ ಹೆಂಗಸನ್ನು ಒಂದು ಮಾತು ಕೇಳಿರಲಿಲ್ಲ. ರೊಟ್ಟಿ ಮಾತ್ರ ತಿಂದಿದ್ದೆ.

ನೀಲವ್ವ ಲಾಡಿ ಕತ್ತರಿಸಿದ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ ಕೇಳಿದರು, "ಹಂಗಾರ ಇಷ್ಟು ದಿನ ಮಗಳ ಕೆಲಸ ಕೆಡಿಸಿದಾಕಿ ನಾನ ಏನ್ರೀ?"

"ನೀವಲ್ಲಮ್ಮ. ನಾನು," ಎಂದೆ. ಜೀವನದಲ್ಲಿ ತಪ್ಪೊಪ್ಪಿಗೆ ಅಷ್ಟು ಸಲೀಸಾಗಿ ನನ್ನ ಬಾಯಿಂದ ಬಂದದ್ದು ಅದೇ ಮೊದಲು. "ಧೂಳು ಬೇಡ ಅಂದೆ, ಗಾಳಿ ಬೇಕು ಅನ್ನಲಿಲ್ಲ. ನೀವು ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದೀರಿ."

"ಆಕಿಗೆ ಈಗ ಹೇಳಬ್ಯಾಡ್ರಿ ಸರ. ಸೋಮವಾರ ಮುಗೀಲಿ. ನಾನ ಹೇಳತೀನಿ."

ನಾನು ಹೇಳಲಿಲ್ಲ. ಸಂಜೆ ರೇಣುಕಾಗೆ, "ಗಾಳಿ ಕಟ್ಟಿತ್ತು, ಇನ್ನು ಕಟ್ಟಲ್ಲ" ಎಂದಷ್ಟೇ ಅಂದೆ. ಆ ದಿನ ನೀಲವ್ವ ಉಳಿದರ್ಧ ಕೋಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಅದೂ ನಾನಿದ್ದಾಗಲೇ, ಸಂಪ್ರದಾಯ ಮುರಿದು. ಭಾನುವಾರ ಪೊರಕೆ ಮುಟ್ಟಲಿಲ್ಲ.

ಸೋಮವಾರ ಬೆಳಗಾಗುವಷ್ಟರಲ್ಲಿ ಮೂರು ಸಾವಿರದ ಆರುನೂರನೆಯ ಚಿತ್ರ ಮುಗಿದು, ವಿಡಿಯೊ ಸಿದ್ಧವಾಗಿತ್ತು. ಎಂಟೂವರೆಗೆ ರೇಣುಕಾ ಪೆನ್‌ಡ್ರೈವ್ ಹಿಡಿದು ಯಲಹಂಕಕ್ಕೆ ಹೋದಳು. ನಾನು ಯಶವಂತಪುರಕ್ಕೆ ಹೋದೆ. ಇರ್ಫಾನ್ ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು. ಬೈದದ್ದು ಫೋನಿನಲ್ಲಾದರೂ ಕ್ಷಮೆ ಎದುರಿಗೇ ಕೇಳಬೇಕು ಎಂದು ಅವರೆಲ್ಲರ ಮುಂದೆಯೇ ಹೇಳಿದೆ: "ಕಾರ್ಡ್ ಚಿನ್ನದಂಥದು. ತಪ್ಪು ನನ್ನದು." ಅವನು ತಲೆ ಎತ್ತದೆ ಒಂದು ಕೇಬಲ್ ಸುತ್ತುತ್ತ ಇದ್ದ. "ನಾಲ್ಕ್ ದಿನ ನಿದ್ದೆ ಬರ್ಲಿಲ್ಲ ಸಾರ್," ಎಂದ. ಆಮೇಲೆ, "ಬಿಡಿ, ಟೀ ಕುಡೀರಿ ಮೊದ್ಲು" ಎಂದ. ಟೀ ತಣ್ಣಗಾಗುವವರೆಗೂ ನನಗೆ ಕುಡಿಯಲಾಗಲಿಲ್ಲ.

ಟ್ರಸ್ಟಿನವರು ನಾಲ್ಕು ದಿನ ಕಾಯಿಸಿ ಕೆಲಸವನ್ನು ರೇಣುಕಾಗೇ ಕೊಟ್ಟರು. ಇಳಿಜಾರು ದಾರಿಯಲ್ಲಿ ಕ್ಯಾಮೆರಾ ಗಾಲಿ ಕುರ್ಚಿಯಲ್ಲಿ ಕೂತ ಮಗುವಿನ ಎತ್ತರದಲ್ಲಿ ಹೋಗುವ ಹಾಗೆ ಮಾಡಿದ್ದಳಂತೆ. ಅದೇ ಹಿಡಿಸಿತಂತೆ ಅವರಿಗೆ. ಮುಂದಿನ ಭಾನುವಾರ ತಾಯಿ ಮಗಳು ಇಬ್ಬರೂ ಮಳಿಗೆಗೆ ಬಂದರು. ರೇಣುಕಾ ಮೊದಲ ಶೀಟಿನ ಪ್ರಿಂಟ್ ಬಿಚ್ಚಿ ಮೇಜಿನ ಮೇಲೆ ಹರಡಿ, ಮೂಲೆಯ ಬಾಕ್ಸಿನ ಮೇಲೆ ಬೆರಳಿಟ್ಟಳು. ಇನಿಷಿಯಲ್ ಅಲ್ಲ, ಪೂರ್ತಿ ಹೆಸರು. ನೀಲವ್ವ ಎಲ್ಲವನ್ನೂ ಮಗಳಿಗೆ ಹೇಳಿಯಾಗಿತ್ತು. "ಒಂದ್ ತಾಸು ಮಾತಾಡ್ಲಿಲ್ರೀ ಇಕಿ. ಆಮ್ಯಾಲ ಒಂದ್ ತಾಸು ನಕ್ಕಳು" ಎಂದರು.

ಕಾರ್ಖಾನೆಯಲ್ಲಿ ಕಲಿಯದ್ದನ್ನು ಆ ವಾರ ಕಲಿತೆ. ಯಂತ್ರ ಕೊಡುವಾಗ ಈಗ ಕೊಳ್ಳುವವರ ಹತ್ತಿರ ಐದು ನಿಮಿಷ, ಆ ಮನೆಯಲ್ಲಿ ಕಸ ಗುಡಿಸುವವರು ಯಾರೋ ಅವರ ಹತ್ತಿರ ಹತ್ತು ನಿಮಿಷ ಮಾತಾಡುತ್ತೇನೆ. ಏನು ಮಾಡಬಾರದು ಎಂದು ಹೇಳಿ ಸುಮ್ಮನಾಗುವುದಿಲ್ಲ. ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಯಂತ್ರ ಕೆಟ್ಟರೆ ಮೀಟರ್ ಹೊರಗೆ ತೆಗೆಯುವ ಮೊದಲು, ನಾನು ಇಲ್ಲದಾಗ ಈ ಮನೆ ಹೇಗಿರುತ್ತದೆ ಎಂದು ವಿಚಾರಿಸುತ್ತೇನೆ.

ಮೀಟರ್ ಎಂದಾಗ ನೆನಪಾಯಿತು. ಆ ಭಾನುವಾರ ಹೊರಡುವ ಮುಂಚೆ ನೀಲವ್ವ ಕೈಚೀಲದಿಂದ ಒಂದು ಸಣ್ಣ ಗಂಟು ತೆಗೆದು ಕೊಟ್ಟರು. ಅದೇ ಕಂದು ರೆಕ್ಸಿನ್ನು, ಅದೇ ಕೆಂಪು ಪೈಪಿಂಗ್. ನನ್ನ ಮೀಟರಿನ ಅಳತೆಗೆ ಸರಿಯಾದ ಒಂದು ಕವರ್. ಯಾವಾಗ ಅಳತೆ ತೆಗೆದುಕೊಂಡಿದ್ದರೋ! ವೈರಿಗೆ ಸೀಳು ಇತ್ತು, ಲಾಡಿ ಇರಲಿಲ್ಲ. ಎರಡೂ ಬದಿಗೆ ಸಾಲಾಗಿ ಸಣ್ಣ ಸಣ್ಣ ಕಾಜಾ ಹೊಲಿದಿದ್ದರು, ಒಂದೊಂದು ಬದಿಗೆ ಆರು. ಗುಂಡಿ ಮಾತ್ರ ಒಂದೂ ಇರಲಿಲ್ಲ.

"ಇವ್ಯಾಕಮ್ಮ?" ಎಂದೆ.

"ಗಾಳಿಗ್ರೀ," ಎಂದರು ನೀಲವ್ವ.